ಮನೆಗೆ ವೆಲ್ಡಿಂಗ್ ಮಷಿನ್: ಡಬ್ಬದ ಮೇಲಿನ 200, ಗೋಡೆಯ ಮೇಲಿನ 16

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ಆನ್‌ಲೈನ್‌ನಲ್ಲಿ ಹುಡುಕಿ. ಮನೆ ಬಳಕೆಗೆಂದು ತೋರಿಸುವ ವೆಲ್ಡಿಂಗ್ ಮಷಿನ್‌ಗಳಲ್ಲಿ ಬಹುಪಾಲಿನ ಮೇಲೆ ಒಂದೇ ಸಂಖ್ಯೆ ಇರುತ್ತದೆ: 200. ಒಂದರ ಬೆಲೆ ಐದು ಸಾವಿರ, ಪಕ್ಕದ್ದರದು ಹತ್ತು ಸಾವಿರ. ಒಂದು ಮೂರು ಕಿಲೋ ತೂಗಿದರೆ ಇನ್ನೊಂದು ಎಂಟು ಕಿಲೋ. ಎಲ್ಲದರಲ್ಲೂ 200 ಆಂಪ್ ಬರುವುದಾದರೆ ಬೆಲೆ ಯಾಕೆ ದುಪ್ಪಟ್ಟು? ಯಾಕೆಂದರೆ ಎಲ್ಲದರಲ್ಲೂ ಬರುವುದಿಲ್ಲ. ನಿಜವಾಗಿಯೂ ಬರುವಂಥದ್ದನ್ನೇ ತಂದರೂ ಮನೆಯ ಪ್ಲಗ್ ಅಷ್ಟು ಕೊಡುವುದಿಲ್ಲ. ಮನೆ ಕೆಲಸಕ್ಕೆ ಅಷ್ಟು ಬೇಕಾಗುವುದೂ ಇಲ್ಲ. ಹಾಗಿದ್ದರೆ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದೇ ಇಲ್ಲಿಯ ವಿಷಯ.

ಮೊದಲು ಕೆಲಸ ಏನು ಅಂತ ನೋಡಿ. ಗೇಟಿನ ಕೀಲು ಕಿತ್ತುಬಂದಿದೆ, ಗಿಡ ಇಡಲು ಸ್ಟ್ಯಾಂಡ್ ಬೇಕು, ಸಿಂಟೆಕ್ಸ್ ಟ್ಯಾಂಕಿಗೆ ಆಂಗಲ್‌ನ ಪೀಠ ಮಾಡಬೇಕು, ತೋಟದ ಕೈಗಾಡಿಯ ಹಿಡಿ ಮುರಿದಿದೆ. ಇವುಗಳಿಗೆ ಬಳಸುವ ಸ್ಕ್ವೇರ್ ಪೈಪ್ 18 ಗೇಜ್ ಅಂದರೆ ಸುಮಾರು 1.2 ಮಿ.ಮೀ., 16 ಗೇಜ್ ಅಂದರೆ 1.6 ಮಿ.ಮೀ., 14 ಗೇಜ್ ಅಂದರೆ 2 ಮಿ.ಮೀ. ದಪ್ಪ. ಆಂಗಲ್ ಮತ್ತು ಪಟ್ಟಿ 3ರಿಂದ 6 ಮಿ.ಮೀ. ಕರಗಿ ಬೆಸುಗೆಯಾಗುವ ವೆಲ್ಡಿಂಗ್ ರಾಡ್ ವಿಷಯಕ್ಕೆ ಬಂದರೆ, ಅಂಗಡಿಯವರು 12 ನಂಬರ್ ಅನ್ನುವುದು 2.5 ಮಿ.ಮೀ. ರಾಡಿಗೆ, 10 ನಂಬರ್ ಅನ್ನುವುದು 3.15 ಮಿ.ಮೀ. ರಾಡಿಗೆ. 2.5ರ ರಾಡಿಗೆ 60ರಿಂದ 90 ಆಂಪ್ ಸಾಕು. 3.15ಕ್ಕೆ 90ರಿಂದ 130. ಇವೆರಡರಲ್ಲಿ ಮನೆಯ ಕೆಲಸವೆಲ್ಲ ಮುಗಿಯುತ್ತದೆ. 140 ಆಂಪ್ ದಾಟುವುದು 4 ಮಿ.ಮೀ. ರಾಡ್ ಹಚ್ಚಿದಾಗ, ಅದು ಜೆಸಿಬಿ ಬಕೆಟ್ ರಿಪೇರಿ ಮಾಡುವವರ ಲೆಕ್ಕ.

ಈಗ ಪ್ಲಗ್. ಇಲ್ಲೊಂದು ಸಣ್ಣ ಲೆಕ್ಕ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ರಾಡ್ ವೆಲ್ಡಿಂಗ್‌ನಲ್ಲಿ ಆರ್ಕ್‌ನ, ಅಂದರೆ ರಾಡ್ ತುದಿ ಮತ್ತು ಕಬ್ಬಿಣದ ನಡುವೆ ಉರಿಯುವ ಕಿಡಿಯ ವೋಲ್ಟೇಜನ್ನು 20 ಕೂಡಿಸು ಆಂಪ್‌ನ 0.04 ಪಟ್ಟು ಎಂದು ಹಿಡಿಯುತ್ತಾರೆ. 80 ಆಂಪ್‌ಗೆ 23.2 ವೋಲ್ಟ್, ಗುಣಿಸಿದರೆ ಸುಮಾರು 1,860 ವಾಟ್. ಮಷಿನ್ ಒಳಗೆ ಶೇ. 15ರಷ್ಟು ಶಾಖವಾಗಿ ಹೋಗುತ್ತದೆ ಎಂದುಕೊಂಡರೆ ಗೋಡೆಯಿಂದ ಎಳೆಯುವುದು 2,200 ವಾಟ್. ಈಗಿನ ಸಾಮಾನ್ಯ ಇನ್ವರ್ಟರ್ ಮಷಿನ್‌ಗಳ (ಎಲೆಕ್ಟ್ರಾನಿಕ್ ಬೋರ್ಡ್ ಇರುವ ಹಗುರ ವೆಲ್ಡಿಂಗ್ ಮಷಿನ್, ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ) ಪವರ್ ಫ್ಯಾಕ್ಟರ್, ಅಂದರೆ ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.7ರ ಆಸುಪಾಸು ಇರುವುದರಿಂದ ಅದು 3.1 ಕೆವಿಎ ಆಗುತ್ತದೆ. 230 ವೋಲ್ಟ್‌ಗೆ ಭಾಗಿಸಿದರೆ ಹದಿಮೂರೂವರೆ ಆಂಪ್. ಅಂದರೆ 2.5ರ ರಾಡನ್ನು ಗೀಸರ್‌ಗೆ ಬಳಸುವ 16 ಆಂಪ್ ಪವರ್ ಪ್ಲಗ್‌ನಲ್ಲಿ ನೆಮ್ಮದಿಯಾಗಿ ಉರಿಸಬಹುದು. ಟಿವಿಯ 6 ಆಂಪ್ ಪ್ಲಗ್‌ಗೆ ಕನ್ವರ್ಟರ್ ಸಿಕ್ಕಿಸಿ ಉರಿಸುವ ಹಾಗಿಲ್ಲ. ಪ್ಲಗ್ಗಿನ ಪಿನ್ ಕಪ್ಪಾಗಿ ಕರಗುವುದು ಅಲ್ಲೇ.

ಇದೇ ಲೆಕ್ಕ 110 ಆಂಪ್‌ಗೆ ಹಾಕಿದರೆ ಸುಮಾರು 20 ಆಂಪ್ ಬರುತ್ತದೆ. 200 ಆಂಪ್‌ಗೆ ಹಾಕಿದರೆ 41. ಎಷ್ಟೋ ಮನೆಗಳ ಮೇನ್ ಎಂಸಿಬಿಯೇ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) 32 ಅಥವಾ 40 ಇರುತ್ತದೆ. ಹಾಗಾಗಿ ಪೂರ್ತಿ 200 ಎನ್ನುವುದು ಸಿಂಗಲ್ ಫೇಸ್ ಮನೆಯಲ್ಲಿ ಡಿಸ್‌ಪ್ಲೇಯಲ್ಲಿ ಕಾಣಿಸುವ ಅಂಕೆ ಮಾತ್ರ. 3.15ರ ರಾಡ್ ಆಗಾಗ ಬಳಸುವ ಯೋಚನೆಯಿದ್ದರೆ ಮೇನ್ ಬೋರ್ಡ್‌ನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿ, 25 ಆಂಪ್‌ನ ಸಿ ಟೈಪ್ ಎಂಸಿಬಿ ಮತ್ತು ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಬಿ ಟೈಪ್ ಎಂಸಿಬಿ ಮೂರರಿಂದ ಐದು ಪಟ್ಟು ಕರೆಂಟಿಗೇ ಬೀಳುತ್ತದೆ. ಮಷಿನ್ ಸ್ವಿಚ್ ಹಾಕಿದ ಕ್ಷಣ ಒಳಗಿನ ಕೆಪಾಸಿಟರ್‌ಗಳು ಒಮ್ಮೆಲೇ ಎಳೆಯುವ ಕರೆಂಟಿಗೆ ಅದು ಪಟಕ್ಕನೆ ಬಿದ್ದು, ಮಷಿನ್ ಶಾರ್ಟ್ ಆಗಿದೆ ಅಂತ ಅಂಗಡಿಗೆ ವಾಪಸ್ ಹೋಗುವುದುಂಟು. ಸಿ ಟೈಪ್ ಐದರಿಂದ ಹತ್ತು ಪಟ್ಟಿನವರೆಗೆ ತಡೆದುಕೊಳ್ಳುತ್ತದೆ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಅಂತ ಬರೆದಿರುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ. 2 ಕಿಲೋವಾಟ್ ಇರುವ ಮನೆಯಲ್ಲಿ ಬೋರ್ ಮೋಟಾರ್ ಓಡುತ್ತಿರುವಾಗ ವೆಲ್ಡಿಂಗ್ ಮಾಡುವುದು ಬೇಡ.

ಹಳ್ಳಿ ಕಡೆ ಇನ್ನೊಂದು ತೊಡಕು. ಸಂಜೆ ವೋಲ್ಟೇಜ್ 180ಕ್ಕೆ ಇಳಿದಿರುತ್ತದೆ. ಇನ್ವರ್ಟರ್ ಮಷಿನ್ ಅಷ್ಟೇ ವಾಟ್ ಕೊಡಲು ಹೆಚ್ಚು ಆಂಪ್ ಎಳೆಯುತ್ತದೆ. 230ರಲ್ಲಿ ಹದಿಮೂರೂವರೆ ಎಳೆದದ್ದು 180ರಲ್ಲಿ ಹದಿನೇಳು ದಾಟುತ್ತದೆ. ಆಗ ವೈರಿಂಗ್ ಬಿಸಿಯಾಗುತ್ತದೆ, ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ, ಕೊನೆಗೆ ಮಷಿನ್ ಹಳದಿ ಲೈಟ್ ಹಾಕಿಕೊಂಡು ಸುಮ್ಮನಾಗುತ್ತದೆ. ಡಬ್ಬದ ಮೇಲೆ 160ರಿಂದ 270 ವೋಲ್ಟ್ ಎಂದಿದ್ದರೆ ಅದು ಆನ್ ಆಗಿರುತ್ತದೆ ಎಂದಷ್ಟೇ ಅರ್ಥ. 160ರಲ್ಲೂ ಪೂರ್ತಿ ಆಂಪ್ ಕೊಡುತ್ತದೆ ಎಂದಲ್ಲ.

ವೋಲ್ಟೇಜ್ ಕುಡಿಯುವ ಇನ್ನೊಂದು ಕಳ್ಳ ಎಕ್ಸ್‌ಟೆನ್ಷನ್ ಬಾಕ್ಸ್. 20 ಮೀಟರ್‌ನ 1 ಸ್ಕ್ವೇರ್ ಎಂಎಂ ವೈರಿನಲ್ಲಿ ಹೋಗಿ ಬರುವ ದಾರಿ 40 ಮೀಟರ್. 14 ಆಂಪ್ ಹರಿದಾಗ ಅಲ್ಲೇ 10ರಿಂದ 11 ವೋಲ್ಟ್ ಬಿದ್ದುಹೋಗುತ್ತದೆ. 2.5 ಸ್ಕ್ವೇರ್ ಎಂಎಂ ಆದರೆ ನಾಲ್ಕು ವೋಲ್ಟ್ ಮಾತ್ರ. ವೈರನ್ನು ಸುರುಳಿ ಸುತ್ತಿಟ್ಟೇ ಬಳಸಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುರುಳಿಯ ನಡುವಿನ ಶಾಖ ಹೊರಗೆ ಹೋಗಲಾರದೆ ಇನ್ಸುಲೇಷನ್ ಅಂಟಿಕೊಂಡು ಗಟ್ಟಿ ಉಂಡೆಯಾಗುತ್ತದೆ.

ಹಳೆಯ ಟ್ರಾನ್ಸ್‌ಫಾರ್ಮರ್ ಸೆಟ್ ತಗೊಳ್ಳಲೇ ಎಂದು ಈಗಲೂ ಕೇಳುವವರಿದ್ದಾರೆ. ಪಕ್ಕದ ಗ್ರಿಲ್ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಗುಂಯ್ ಅನ್ನುತ್ತಾ ಓಡುತ್ತಿದೆ, ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಗುತ್ತದೆ. ಬೋರ್ಡ್ ಇಲ್ಲ, ಚಿಪ್ ಇಲ್ಲ, ಸುಡುವುದಕ್ಕೆ ಸುರುಳಿ ಬಿಟ್ಟರೆ ಬೇರೇನಿಲ್ಲ. ಮಾತು ನಿಜ. ಆದರೆ ಅವುಗಳಲ್ಲಿ ಬಹಳಷ್ಟು ಎರಡು ಫೇಸ್‌ನ ಸೆಟ್, ಅಂದರೆ 415 ವೋಲ್ಟ್ ಬೇಕು. ಸಿಂಗಲ್ ಫೇಸ್ ಮನೆಗೆ ತಂದರೆ ಮೂಲೆಯಲ್ಲಿ ಕೂರಬೇಕಷ್ಟೆ. ಸಿಂಗಲ್ ಫೇಸ್‌ನದ್ದೇ ಸಿಕ್ಕರೂ ಪವರ್ ಫ್ಯಾಕ್ಟರ್ ಕಡಿಮೆ, ರಾಡ್ ಮುಟ್ಟಿಸಿದ ಕೂಡಲೇ ಮನೆಯ ಲೈಟೆಲ್ಲ ಮಂಕಾಗುತ್ತವೆ. ತೂಕ 50 ಕಿಲೋ ದಾಟುತ್ತದೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಆರ್ಕ್ ಹಿಡಿದು ನಿಲ್ಲಿಸುವುದು ಹೊಸಬರಿಗೆ ಕಷ್ಟ, 18 ಗೇಜ್ ಪೈಪಿನಲ್ಲಂತೂ ಒಂದೋ ರಾಡ್ ಅಂಟುತ್ತದೆ, ಇಲ್ಲವೇ ತೂತು ಬೀಳುತ್ತದೆ. ಒಂದು ವಿಷಯದಲ್ಲಿ ಮಾತ್ರ ಅದು ಗೆಲ್ಲುತ್ತದೆ. ಇನ್ವರ್ಟರ್ ಮಷಿನ್ ಕೊಡುವ ಡಿಸಿಯಲ್ಲಿ ದಪ್ಪ ಕಬ್ಬಿಣದ ಮೂಲೆಗಳ ಹತ್ತಿರ ಆರ್ಕ್ ಗಾಳಿ ಊದಿದ ಹಾಗೆ ಪಕ್ಕಕ್ಕೆ ಸರಿಯುತ್ತದೆ, ಕಾರಣ ಕಾಂತಕ್ಷೇತ್ರ. ಎಸಿಯಲ್ಲಿ ಆ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಡಿಸಿ ಮಷಿನ್‌ನಲ್ಲಿ ಕೆಲಸದ ಕಬ್ಬಿಣಕ್ಕೆ ಕಚ್ಚಿಸುವ ಅರ್ತ್ ಕ್ಲ್ಯಾಂಪಿನ ಜಾಗ ಬದಲಿಸಿದರೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳಲೇಬೇಕು ಎಂದರೆ ಸುರುಳಿ ತಾಮ್ರದ್ದೋ ಅಲ್ಯೂಮಿನಿಯಂದೋ ಎಂದು ಮುಚ್ಚಳ ತೆಗೆಸಿ ನೋಡಿ.

ಮನೆಗೆ ಹೊಂದುವುದು ಇನ್ವರ್ಟರ್ ಆರ್ಕ್ ಮಷಿನ್. ಇದರಲ್ಲಿ ಯಾವುದು ಒಳ್ಳೆಯದು ಎಂದು ತಿಳಿಯಲು ಡಬ್ಬದ ಮುಂಭಾಗ ಬಿಟ್ಟು ಮಷಿನ್‌ನ ಹಿಂದೆಯೋ ಅಡಿಯಲ್ಲೋ ಅಂಟಿಸಿರುವ ಪ್ಲೇಟ್ ಓದಬೇಕು. ಮುಖ್ಯವಾಗಿ ನಾಲ್ಕು ಅಂಕೆ ಇರುತ್ತವೆ: ರಾಡ್ ಮುಟ್ಟಿಸದಿದ್ದಾಗಿನ ವೋಲ್ಟೇಜ್ ಯು0, ಹೊರಗೆ ಕೊಡುವ ಆಂಪ್ ಐ2, ಡ್ಯೂಟಿ ಸೈಕಲ್ ಅಂದರೆ ಎಕ್ಸ್, ಮತ್ತು ಗೋಡೆಯಿಂದ ಎಳೆಯುವ ಗರಿಷ್ಠ ಆಂಪ್ ಐ1 ಮ್ಯಾಕ್ಸ್. ಸುಳ್ಳು ಹಿಡಿಯುವುದು ಈ ಕೊನೆಯದರಲ್ಲಿ. ಐ2 200 ಎಂದೂ ಐ1 ಮ್ಯಾಕ್ಸ್ 22 ಎಂದೂ ಬರೆದ ಪ್ಲೇಟ್ ಇದೆ ಎಂದುಕೊಳ್ಳಿ. 200 ಆಂಪ್‌ಗೆ ಆರ್ಕ್ 28 ವೋಲ್ಟ್, ಹೊರಗೆ ಬರಬೇಕಾದ್ದು 5,600 ವಾಟ್. ಒಳಗೆ ಹೋಗುವುದು 22 ಗುಣಿಸು 230, ಅಂದರೆ 5,060. ತಿಂದದ್ದಕ್ಕಿಂತ ಹೆಚ್ಚು ಹಾಲು ಕೊಡುವ ಹಸು! ಇಂಥ ಮಷಿನ್‌ನ ನಿಜವಾದ ಶಕ್ತಿ 120ರ ಆಸುಪಾಸು. 120 ಎಂದು ತಿಳಿದೇ ಕೊಂಡರೆ ಅದರಲ್ಲಿ ತಪ್ಪೇನಿಲ್ಲ, 200ರ ಬೆಲೆ ಕೊಡಬೇಡಿ ಅಷ್ಟೆ.

ಡ್ಯೂಟಿ ಸೈಕಲ್ ಅಂದರೆ ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಸತತ ಉರಿಸಬಹುದು ಎಂಬ ಲೆಕ್ಕ. ಶೇ. 60 ಎಂದರೆ ಆರು ನಿಮಿಷ ಉರಿಸಿ ನಾಲ್ಕು ನಿಮಿಷ ಬಿಡಬೇಕು. ಆಂಪ್ ಇಳಿಸಿದರೆ ಸಮಯ ಹೆಚ್ಚುತ್ತದೆ. 200 ಆಂಪ್‌ಗೆ 60 ಇರುವ ಮಷಿನ್ 155 ಆಂಪ್‌ನಲ್ಲಿ ನಿಲ್ಲದೆ ಓಡಬಲ್ಲದು. 200ಕ್ಕೆ 30 ಇರುವಂಥದ್ದು 110ರಲ್ಲಿ. ಮನೆಯಲ್ಲಿ ಒಂದು 2.5ರ ರಾಡ್ ಉರಿಯಲು ಸುಮಾರು ಒಂದು ನಿಮಿಷ, ಆಮೇಲೆ ಬೆಸುಗೆಯ ಮೇಲೆ ಕಟ್ಟುವ ಕಿಟ್ಟವನ್ನು, ಅಂದರೆ ಸ್ಲ್ಯಾಗ್ ಕುಟ್ಟಿ, ಬ್ರಷ್ ಹೊಡೆದು, ಹೊಸ ರಾಡ್ ಸಿಕ್ಕಿಸುವಷ್ಟರಲ್ಲಿ ಇನ್ನೊಂದೆರಡು ನಿಮಿಷ. ಹೀಗಾಗಿ 30ರ ಮಷಿನ್ ಕೂಡ 80 ಆಂಪ್‌ನಲ್ಲಿ ಎಂದೂ ದಣಿಯಬಾರದು. ದಣಿದರೆ ಪ್ಲೇಟ್ ಮೇಲಿನ ಅಂಕೆ ಸುಳ್ಳು. ಇನ್ನೊಂದು, ಈ ಅಂಕೆಗಳನ್ನು 40 ಡಿಗ್ರಿ ಬಿಸಿಯಲ್ಲಿ ಅಳೆಯಬೇಕು ಎನ್ನುವುದು ಅಂತಾರಾಷ್ಟ್ರೀಯ ಮಾನದಂಡವಾದ ಐಇಸಿ 60974ರ ನಿಯಮ. ಅದನ್ನು ನಮೂದಿಸದ ಮಷಿನ್ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ ಅಡಿ ಎಷ್ಟು ಕೊಡುತ್ತದೆ ಎನ್ನುವುದಕ್ಕೆ ಗ್ಯಾರಂಟಿ ಯಾರೂ ಕೊಡುವುದಿಲ್ಲ.

ಒಳಗೆ ಕರೆಂಟನ್ನು ಅತಿವೇಗವಾಗಿ ಆನ್-ಆಫ್ ಮಾಡುವ ಸ್ವಿಚಿಂಗ್ ಭಾಗ ಮಾಸ್‌ಫೆಟ್ ಆಗಿರಬಹುದು, ಐಜಿಬಿಟಿ ಆಗಿರಬಹುದು. ಐಜಿಬಿಟಿ ಹೊಸದು, ಕಡಿಮೆ ಬಿಡಿಭಾಗ, ಹಗುರ. ಹಳೆಯ ಮಾಸ್‌ಫೆಟ್ ಮಷಿನ್‌ನಲ್ಲಿ ಮೂರು ಬೋರ್ಡ್ ಒಂದರ ಮೇಲೊಂದು ಜೋಡಿಸಿರುತ್ತಾರೆ, ಭಾರ ಹೆಚ್ಚು. ಆದರೆ ರಿಪೇರಿಯವರು ಅದನ್ನು ಕಣ್ಣುಮುಚ್ಚಿ ಬಿಚ್ಚುತ್ತಾರೆ, ಬಿಡಿಭಾಗವೂ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಹೊಸದಾಗಿ ಕೊಳ್ಳುವವರಿಗೆ ಐಜಿಬಿಟಿಯನ್ನೇ ಹೇಳುತ್ತೇವೆ. ಆದರೆ ಬರೀ ಆ ಹೆಸರಿಗೆ ಎರಡು ಸಾವಿರ ಹೆಚ್ಚು ಕೊಡುವುದಕ್ಕಿಂತ ಒಳಗಿನ ಅಲ್ಯೂಮಿನಿಯಂ ಹೀಟ್ ಸಿಂಕ್ ಎಷ್ಟು ದೊಡ್ಡದಿದೆ, ಫ್ಯಾನ್ ಎಷ್ಟು ಅಗಲ ಇದೆ ಎಂದು ಜಾಲರಿಯಲ್ಲಿ ಟಾರ್ಚ್ ಬಿಟ್ಟು ನೋಡುವುದು ಮೇಲು. ಮೂರು ಕಿಲೋದ ಅಂಗೈಯಗಲದ ಮಷಿನ್‌ಗಳಲ್ಲಿ ಉಳಿಸಿರುವುದು ಈ ಅಲ್ಯೂಮಿನಿಯಮ್ಮನ್ನೇ.

ಹಾಟ್ ಸ್ಟಾರ್ಟ್, ಆರ್ಕ್ ಫೋರ್ಸ್, ಆಂಟಿ ಸ್ಟಿಕ್ ಎಂದು ಪಟ್ಟಿ ಕೊಡುತ್ತಾರೆ. ಮೊದಲನೆಯದು ರಾಡ್ ಮುಟ್ಟಿಸಿದ ಕ್ಷಣ ಆಂಪ್ ಏರಿಸಿ ಆರ್ಕ್ ಹತ್ತಿಸುತ್ತದೆ. ಎರಡನೆಯದು ರಾಡ್ ತೀರಾ ಹತ್ತಿರ ಬಂದಾಗ ಆಂಪ್ ತಳ್ಳಿ ಅಂಟದಂತೆ ನೋಡಿಕೊಳ್ಳುತ್ತದೆ. ಮೂರನೆಯದು, ಅಂಟಿಯೇಬಿಟ್ಟರೆ ಕರೆಂಟ್ ಇಳಿಸಿ ರಾಡ್ ಕೆಂಪಾಗದಂತೆ ತಡೆಯುತ್ತದೆ. ಮೂರೂ ಕಲಿಯುವವರಿಗೆ ನಿಜಕ್ಕೂ ಉಪಕಾರಿ. ಆರ್ಕ್ ಫೋರ್ಸ್‌ಗೆ ಬೇರೆಯೇ ನಾಬ್ ಇದ್ದರೆ ತೆಳು ಪೈಪಿಗೆ ಅದನ್ನು ಕಡಿಮೆ ಇಡಿ, ಇಲ್ಲದಿದ್ದರೆ ಅದೇ ತೂತು ಹೊಡೆಯುತ್ತದೆ. ಲಿಫ್ಟ್ ಟಿಗ್ (ಕರಗದ ಟಂಗ್‌ಸ್ಟನ್ ಮೊನೆಯಲ್ಲಿ, ಗ್ಯಾಸ್ ಹಾಯಿಸಿ ಬೆಸೆಯುವ ವಿಧಾನ) ಇದೆ ಎನ್ನುವುದಕ್ಕೆ ಮರುಳಾಗಬೇಡಿ. ಅದಕ್ಕೆ ಬೇರೆ ಟಾರ್ಚ್, ಆರ್ಗಾನ್ ಸಿಲಿಂಡರ್, ರೆಗ್ಯುಲೇಟರ್ ಬೇಕು. ಅಷ್ಟೆಲ್ಲ ಹಾಕಿದರೂ ಈ ಡಿಸಿ ಮಷಿನ್‌ಗಳಲ್ಲಿ ಅಲ್ಯೂಮಿನಿಯಂ ಬೆಸೆಯುವುದು ಆಗದ ಮಾತು. ಮೇಲ್ಮೈಯ ಆಕ್ಸೈಡ್ ಪದರ ಒಡೆಯಲು ಎಸಿ ಟಿಗ್ ಬೇಕು, ಅದರ ಬೆಲೆ ಬೇರೆ ಲೋಕದ್ದು.

ಮಿಗ್, ಅಂದರೆ ರಾಡ್ ಬದಲು ತಾನೇ ಬರುವ ತೆಳು ವೈರ್‌ನಲ್ಲಿ ಬೆಸೆಯುವ ಮಷಿನ್ ಬಗ್ಗೆ ಎರಡು ಮಾತು. ತ್ರೀ ಇನ್ ಒನ್ ಎಂದು ಹದಿನೈದು ಸಾವಿರದ ಆಸುಪಾಸಿಗೆ ಮಾರುವ ಪುಟ್ಟ ಮಷಿನ್‌ಗಳು ಗ್ಯಾಸ್ ಇಲ್ಲದೆ ಫ್ಲಕ್ಸ್ (ಬೆಸುಗೆಯನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ 0.8 ಮಿ.ಮೀ. ವೈರ್‌ನಲ್ಲಿ ಓಡುತ್ತವೆ. ಟ್ರಿಗರ್ ಒತ್ತಿದರೆ ವೈರ್ ಬರುತ್ತದೆ, ಆರ್ಕ್ ಹತ್ತುತ್ತದೆ, ಒಂದು ಮಧ್ಯಾಹ್ನದಲ್ಲಿ ಕೈ ಕೂರುತ್ತದೆ. 18, 20 ಗೇಜ್ ಪೈಪ್ ಕೆಲಸವೇ ಹೆಚ್ಚಿದ್ದರೆ ಇದು ರಾಡ್‌ಗಿಂತ ಸುಲಭ. ಕಿಡಿ ವಿಪರೀತ ಹಾರುತ್ತದೆ ಎಂಬ ದೂರಿಗೆ ಹಲವು ಸಲ ಕಾರಣ ಪೋಲಾರಿಟಿ: ಗ್ಯಾಸ್ ಇಲ್ಲದ ವೈರ್‌ಗೆ ಟಾರ್ಚ್ ಮೈನಸ್‌ಗೆ ಹೋಗಬೇಕು, ಗ್ಯಾಸ್ ಮಿಗ್‌ಗೆ ಪ್ಲಸ್‌ಗೆ. ಮುಚ್ಚಳದೊಳಗೋ ಮುಂಭಾಗದಲ್ಲೋ ಇರುವ ಆ ಪುಟ್ಟ ಕನೆಕ್ಷನ್ ಬದಲಿಸುವುದನ್ನೇ ಜನ ಮರೆಯುತ್ತಾರೆ. ಸಿಒ2 ಗ್ಯಾಸ್ ಹಾಕಿದರೆ ಬೆಸುಗೆ ಚೆಂದ, ಆದರೆ ತಾರಸಿಯ ಮೇಲೆ ಗಾಳಿಗೆ ಗ್ಯಾಸ್ ಹಾರಿಹೋಗಿ ಬೆಸುಗೆ ಜೇನುಗೂಡಿನಂತೆ ತೂತಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ವೈರ್ ಸ್ಪೂಲನ್ನು ಮಷಿನ್‌ನಲ್ಲೇ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು. ತಿಂಗಳಿಗೊಮ್ಮೆ ಮಷಿನ್ ತೆಗೆಯುವವರಿಗೆ ರಾಡ್ ಮಷಿನ್ನೇ ಸರಿ.

ಈಗ ಯಾರೂ ಮಾತಾಡದ ಭಾಗ: ಡಬ್ಬದ ಜೊತೆ ಬರುವ ಕೇಬಲ್. ನೋಡಲು ದಪ್ಪ, ಕೈಯಲ್ಲಿ ಹಗುರ. ಚಾಕುವಿನಲ್ಲಿ ಕೆರೆದರೆ ಒಳಗೆ ಬೆಳ್ಳಿಬಣ್ಣದ ಅಲ್ಯೂಮಿನಿಯಂ ಎಳೆ, ಮೇಲೆ ತಾಮ್ರದ ಲೇಪ. ಉದ್ದ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಗೇಟಿನ ಮೇಲಿನ ಕೀಲಿಗೆ ರಾಡ್ ಹಿಡಿಯುವ ಹೋಲ್ಡರ್ ಎಟಕಲಿಲ್ಲ ಎಂದು ಮಷಿನನ್ನೇ ಸ್ಟೂಲ್ ಮೇಲಿಟ್ಟು ಕೆಲಸ ಮಾಡುವುದು, ಅದು ಕೆಳಗೆ ಬೀಳುವುದು ಎರಡೂ ಇದರ ಪ್ರಸಾದ. ಹೋಲ್ಡರ್‌ಗೆ 5 ಮೀಟರ್, ಅರ್ತ್‌ಗೆ 3 ಮೀಟರ್, 25 ಸ್ಕ್ವೇರ್ ಎಂಎಂನ ತಾಮ್ರದ ವೆಲ್ಡಿಂಗ್ ಕೇಬಲ್ ಬೇರೆಯಾಗಿ ಕೊಳ್ಳಿ. ಮಷಿನ್‌ನ ಸಾಕೆಟ್ ನೋಡಿ ಕನೆಕ್ಟರ್ ತನ್ನಿ: ಸಣ್ಣ ಮಷಿನ್‌ಗಳಲ್ಲಿ 9 ಮಿ.ಮೀ. ಪಿನ್, ದೊಡ್ಡವುಗಳಲ್ಲಿ 13. ತಪ್ಪಾಗಿ ತಂದರೆ ಕೂರುವುದೇ ಇಲ್ಲ. ಕನೆಕ್ಟರನ್ನು ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿ ಬಿಗಿ ಮಾಡಬೇಕು. ಬರೀ ಸಿಕ್ಕಿಸಿ ಬಿಟ್ಟರೆ ಅಲ್ಲೇ ಕಿಡಿಯಾಡಿ ಸಾಕೆಟ್ಟಿನ ಪ್ಲಾಸ್ಟಿಕ್ ಕರಗುತ್ತದೆ. ಅರ್ತ್ ಕ್ಲ್ಯಾಂಪ್ ಕಚ್ಚುವ ಜಾಗದಲ್ಲಿ ಬಣ್ಣ, ತುಕ್ಕು ಗ್ರೈಂಡರ್‌ನಲ್ಲಿ ತೆಗೆಯಿರಿ. ಆರ್ಕ್ ನಿಲ್ಲುತ್ತಿಲ್ಲ, ಮಷಿನ್ ಸರಿಯಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ಕ್ಲ್ಯಾಂಪಿನಲ್ಲಿ ಮುಗಿಯುತ್ತವೆ.

ಜೊತೆಗೆ ಕೊಡುವ ಕೈಯಲ್ಲಿ ಹಿಡಿಯುವ ಕಪ್ಪು ಗಾಜಿನ ಹಲಗೆಯನ್ನೂ ಬದಿಗಿಡಿ. ಒಂದು ಕೈ ಅದಕ್ಕೇ ಹೋದರೆ ಪೈಪ್ ಹಿಡಿಯುವವರು ಯಾರು? ತಾನೇ ಕಪ್ಪಾಗುವ ಹೆಲ್ಮೆಟ್ ಕೊಳ್ಳಿ, 60ರಿಂದ 130 ಆಂಪ್‌ಗೆ ಶೇಡ್ (ಗಾಜು ಎಷ್ಟು ಕಪ್ಪು ಎನ್ನುವ ಅಂಕೆ) 10 ಸರಿ. ತಂದ ದಿನ ಬಿಸಿಲಿಗೆ ಹಿಡಿದು, ಲೈಟರ್ ಕಿಡಿ ತೋರಿಸಿ ಕಪ್ಪಾಗುತ್ತದೆಯೇ ನೋಡಿ. ಬ್ಯಾಟರಿ ಸತ್ತ ಹೆಲ್ಮೆಟ್ ಹಲಗೆಗಿಂತ ಅಪಾಯ. ಕಪ್ಪು ಕನ್ನಡಕವೊಂದನ್ನೇ ಹಾಕಿ ಮಾಡಿದರೆ ಮುಖ ಸುಡುತ್ತದೆ. ಬರಿಗಣ್ಣಲ್ಲಿ ಟ್ಯಾಕ್ (ತುಂಡುಗಳನ್ನು ಹಿಡಿದು ನಿಲ್ಲಿಸುವ ಚುಕ್ಕೆ ಬೆಸುಗೆ) ಹೊಡೆದವರಿಗೆ ಆ ಹೊತ್ತಿಗೆ ಏನೂ ಗೊತ್ತಾಗುವುದಿಲ್ಲ, ಮಧ್ಯರಾತ್ರಿ ಕಣ್ಣಿಗೆ ಮರಳು ಸುರಿದ ಹಾಗೆ ಉರಿ ಶುರುವಾಗುತ್ತದೆ. ಜಿಐ ಪೈಪಾದರೆ ಬೆಸೆಯುವ ಜಾಗದ ಸತುವಿನ ಲೇಪವನ್ನು ಎರಡೂ ಕಡೆ ಒಂದಿಂಚು ಉಜ್ಜಿ ತೆಗೆದು, ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿಯಲ್ಲ, ಗಾಳಿ ಪಕ್ಕದಿಂದ ಬೀಸುವಂತೆ ನಿಂತು ಮಾಡಿ. ಆ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ. ಕಾಲಿಗೆ ಶೂ ಬೇಕೇ ಬೇಕು, ಹವಾಯಿ ಚಪ್ಪಲಿ ಅಲ್ಲ.

ಒಂದಿಂಚಿನ 16 ಗೇಜ್ ಸ್ಕ್ವೇರ್ ಪೈಪಿನ ಮೂಲೆಯೊಂದೇ ಸಾಕು, ಮಷಿನ್‌ನ ಗುಣ ತಿಳಿಯಲು. 45 ಡಿಗ್ರಿಗೆ ಕತ್ತರಿಸಿದ ಎರಡು ತುಂಡು, ನಡುವೆ ಸಂದು ಒಂದು ಮಿ.ಮೀ. ಮೀರಬಾರದು. ಹೋಲ್ಡರ್ ಮೈನಸ್‌ಗೆ, ಅರ್ತ್ ಪ್ಲಸ್‌ಗೆ ಹಾಕಿ. ಹೀಗೆ ಮಾಡಿದರೆ ಬಿಸಿ ಪೈಪಿನೊಳಕ್ಕೆ ಅಷ್ಟು ಇಳಿಯುವುದಿಲ್ಲ. 5 ಮಿ.ಮೀ. ಆಂಗಲ್‌ಗೆ ಇದನ್ನು ತಿರುಗಿಸಿ ಹೋಲ್ಡರ್ ಪ್ಲಸ್‌ಗೆ ಬರಲಿ. ಇ 6013 ರಾಡ್, 2.5 ಮಿ.ಮೀ., 60ರಿಂದ 65 ಆಂಪ್. 2 ಮಿ.ಮೀ. ರಾಡ್ ಸಿಕ್ಕರೆ ಇನ್ನೂ ಒಳ್ಳೆಯದು, 45ರಿಂದ 50 ಸಾಕು. ಮೊದಲು ಎದುರುಬದುರು ಮೂಲೆಗಳಿಗೆ ಟ್ಯಾಕ್ ಹೊಡೆದು, ಮೂಲೆಮಟ್ಟ ಇಟ್ಟು ನೋಡಿ. ಬಿಸಿಯಾದ ಕಡೆಗೇ ಕಬ್ಬಿಣ ಎಳೆದುಕೊಳ್ಳುವುದರಿಂದ ಒಂದೇ ಬದಿ ಪೂರ್ತಿ ಬೆಸೆದರೆ ಚೌಕ ಹೋಗಿ ಗಾಳಿಪಟ ಆಗುತ್ತದೆ. ಪೈಪನ್ನು ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಎಳೆಯಿರಿ, ರಾಡ್ ಸ್ಲ್ಯಾಗ್‌ಗಿಂತ ಮುಂದೆ ಓಡುತ್ತಿರಬೇಕು. ಸ್ಲ್ಯಾಗ್ ಹಿಂದಿಕ್ಕಿತೆಂದರೆ ಅದು ಬೆಸುಗೆಯೊಳಗೇ ಸಿಕ್ಕಿಕೊಂಡು, ಕುಟ್ಟಿದಾಗ ಕಪ್ಪು ಗೆರೆಯಾಗಿ ಕಾಣುತ್ತದೆ. ಒಳ್ಳೆಯ ಮಷಿನ್ 60 ಆಂಪ್‌ನಲ್ಲೂ ಚರಚರ ಎಣ್ಣೆಯಲ್ಲಿ ಕರಿದಂಥ ಒಂದೇ ಸದ್ದಿನಲ್ಲಿ ಉರಿಯುತ್ತದೆ. ಕೆಟ್ಟದ್ದು ಈ ಕಡಿಮೆ ಆಂಪ್‌ನಲ್ಲೇ ಸಿಕ್ಕಿಬೀಳುತ್ತದೆ: ಪಟಪಟ ಎಂದು ಆರಿ ಹತ್ತಿ, ರಾಡ್ ಅಂಟಿಸಿ, 75ಕ್ಕೆ ಏರಿಸಿದ ಕೂಡಲೇ ಪೈಪಿಗೆ ತೂತು. ಡಿಸ್‌ಪ್ಲೇಯ 60 ಮತ್ತು ನಿಜವಾದ 60ರ ನಡುವೆ ಅಂತರ ಇರುವುದೂ ಉಂಟು.

ರಾಡ್ ಪ್ಯಾಕೆಟ್ ಮೇಲೆ ಐಎಸ್ 814 ಮತ್ತು ಐಎಸ್‌ಐ ಗುರುತು ನೋಡಿ ತನ್ನಿ. ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ ತೇವ ಹೀರಿದರೆ ಲೇಪ ಉದುರುತ್ತದೆ, ಬೆಸುಗೆಯಲ್ಲಿ ಸೂಜಿಮೊನೆಯ ತೂತುಗಳು ಬರುತ್ತವೆ. 100ರಿಂದ 120 ಡಿಗ್ರಿಯಲ್ಲಿ ಒಂದು ತಾಸು ಒಣಗಿಸಿದರೆ 6013 ಮತ್ತೆ ಸರಿಹೋಗುತ್ತದೆ. ಯೂಟ್ಯೂಬ್ ನೋಡಿ 7018 ಎಂಬ ಬೇರೆ ಜಾತಿಯ ರಾಡ್ ತರುವವರು ಗಮನಿಸಬೇಕು: ಅದಕ್ಕೆ 300 ಡಿಗ್ರಿಗೂ ಮೇಲೆ ಕಾಯಿಸುವ ಓವನ್ ಬೇಕು. ಗಿಡದ ಸ್ಟ್ಯಾಂಡಿಗೆ ಅದು ಬೇಡ.

ಈ ಮಷಿನ್‌ಗಳು ಸಾಯುವುದು ಹೆಚ್ಚಾಗಿ ಗ್ರೈಂಡರ್‌ನಿಂದ. ಪುಟ್ಟ ವರ್ಕ್‌ಶಾಪ್‌ನಲ್ಲಿ ವೆಲ್ಡಿಂಗ್ ಮಷಿನ್ ಪಕ್ಕದಲ್ಲೇ ಕಟಿಂಗ್, ಗ್ರೈಂಡಿಂಗ್ ನಡೆಯುತ್ತದೆ. ಮಷಿನ್‌ನ ಫ್ಯಾನ್ ಆ ಕಬ್ಬಿಣದ ಹುಡಿಯನ್ನೆಲ್ಲ ಒಳಗೆಳೆದು ಬೋರ್ಡ್ ಮೇಲೆ ಹಾಸುತ್ತದೆ. ಜೂನ್‌ನಲ್ಲಿ ಗಾಳಿಯ ತೇವ ಸೇರಿದ ದಿನ, ಸ್ವಿಚ್ ಹಾಕಿದ ಕೂಡಲೇ ಢಮ್. ಗ್ರೈಂಡರ್ ಓಡುವಾಗ ಮಷಿನ್ ಆಫ್ ಮಾಡಿ, ಕಿಡಿ ಹಾರುವ ದಿಕ್ಕಿನಿಂದ ಎರಡು ಮೀಟರ್ ದೂರ ಇಡಿ. ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು, ಬ್ಲೋವರ್‌ನಲ್ಲಿ ಜಾಲರಿಯ ಮೂಲಕ ಊದಿ. ಮುಚ್ಚಳ ತೆಗೆಯುವ ಕೆಲಸ ಗೊತ್ತಿದ್ದವರದು: ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್‌ನಷ್ಟು ಉಳಿದಿರಬಹುದು. ಕೆಲಸ ಮುಗಿದ ತಕ್ಷಣ ಸ್ವಿಚ್ ಆರಿಸಬೇಡಿ, ಐದು ನಿಮಿಷ ಫ್ಯಾನ್ ತಿರುಗಲಿ. ಎತ್ತಿಡುವಾಗ ಬಟ್ಟೆ ಮುಚ್ಚಿ; ಹಲ್ಲಿ, ಇರುವೆಗಳಿಗೆ ಬೆಚ್ಚಗಿನ ಬೋರ್ಡ್ ಬಹಳ ಇಷ್ಟ.

ಹೆಸರು ಕೇಳುವವರಿಗೆ: ಈಸಾಬ್ ಮತ್ತು ಹಿಂದೆ ಅಡ್ವಾನಿ ಓರ್ಲಿಕಾನ್ ಆಗಿದ್ದ ಅಡಾರ್, ಕಾರ್ಖಾನೆಗಳಿಗೆ ಮಾರಿ ಪಳಗಿದ ಕಂಪನಿಗಳು, ಬೆಲೆ ಮೇಲ್ತುದಿಯಲ್ಲಿರುತ್ತದೆ. ಆನ್‌ಲೈನ್‌ನಲ್ಲಿ ಹೆಚ್ಚು ಕಾಣುವ ಐಬೆಲ್, ಕ್ರಕ್ಸ್‌ವೆಲ್ಡ್, ವಾರ್ಪ್ ಮುಂತಾದವು ಮನೆಬಳಕೆಯ ಬೆಲೆಯವು. ಬ್ರ್ಯಾಂಡ್ ಹಿಡಿದು ಜಗಳಾಡುವುದಕ್ಕಿಂತ ನಿಮ್ಮೂರಿನ ಹತ್ತಿರ, ಬೆಂಗಳೂರಿನ ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಬೆಳಗಾವಿಯ ಉದ್ಯಮಬಾಗ್‌ನಲ್ಲೋ, ಮಂಗಳೂರಿನ ಬೈಕಂಪಾಡಿಯಲ್ಲೋ ಯಾರ ಸರ್ವಿಸ್ ಸಿಗುತ್ತದೆ ಎಂದು ಫೋನ್ ಮಾಡಿ ಕೇಳಿ. ಕೊರಿಯರ್‌ನಲ್ಲಿ ಬೇರೆ ರಾಜ್ಯಕ್ಕೆ ಕಳಿಸಿ ಎನ್ನುವ ವಾರಂಟಿ ಇದ್ದೂ ಇಲ್ಲದ ಹಾಗೆ.

ಒಟ್ಟು ಹತ್ತು ಸಾವಿರ ಕೈಯಲ್ಲಿದ್ದರೆ ಅಷ್ಟನ್ನೂ ಮಷಿನ್‌ಗೆ ಸುರಿಯಬೇಡಿ. ಆರು ಸಾವಿರದ, ಪ್ಲೇಟ್ ಲೆಕ್ಕ ಸರಿಹೊಂದುವ ಐಜಿಬಿಟಿ ಮಷಿನ್ ತಗೊಂಡು, ಉಳಿದದ್ದರಲ್ಲಿ ಕೇಬಲ್, ಹೆಲ್ಮೆಟ್, ಚರ್ಮದ ಗ್ಲೌಸ್, ಚಿಪ್ಪಿಂಗ್ ಹ್ಯಾಮರ್, ವೈರ್ ಬ್ರಷ್ ಮತ್ತು ಎರಡು ಪ್ಯಾಕೆಟ್ ರಾಡ್ ತನ್ನಿ.

ಅಂಗಡಿಯಲ್ಲಿ ತಗೊಳ್ಳುವುದಾದರೆ 3.15ರ ಒಂದು ರಾಡನ್ನು 110 ಆಂಪ್‌ಗೆ ಇಟ್ಟು ತುದಿಯಿಂದ ತುದಿಗೆ ಉರಿಸಿ ತೋರಿಸಲು ಕೇಳಿ. ಕೇಬಲ್ ಸುತ್ತ ಕಚ್ಚಿ ಡಿಸಿ ಕರೆಂಟ್ ಅಳೆಯುವ ಟಂಗ್ ಟೆಸ್ಟರ್ ಇದ್ದರೆ ಹೋಲ್ಡರ್ ಕೇಬಲ್‌ಗೆ ಹಾಕಿಸಿ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸಾದಾ ಎಸಿ ಟೆಸ್ಟರ್ ಇದನ್ನು ತೋರಿಸುವುದಿಲ್ಲ. ಆಮೇಲೆ 2.5ರ ರಾಡ್ 60ರಲ್ಲಿ. ಎರಡೂ ದಾಟಿದರೆ ಪ್ಯಾಕ್ ಮಾಡಿಸಿ. ಬಿಲ್ಲಿನಲ್ಲಿ ಜಿಎಸ್‌ಟಿ ಜೊತೆ ಮಷಿನ್‌ನ ಸೀರಿಯಲ್ ನಂಬರ್ ಬರೆಸಿ. ಪ್ಲೇಟಿನ ಅಂಟು ಬಿಸಿಗೆ ಒಣಗಿ ಒಂದು ವರ್ಷದಲ್ಲಿ ಉದುರುವುದುಂಟು, ಅದಕ್ಕೇ ಮನೆಗೆ ತಂದ ದಿನವೇ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ.